ಗಾಡಿ ನೋಡಲು ಹೋಗಿ ಔರಾದ ಮುಟ್ಟಿದ್ದು

ಇವತ್ತು ಬೆಳಗ್ಗೆ ನೌಬಾದದ ಬಂಕಿನಲ್ಲಿ ಗಾಡಿಗೆ ಡೀಸೆಲ್ ಹಾಕಿಸುತ್ತಿದ್ದೆ. ಪೈಪು ಹೊರಗೆ ತೆಗೆಯುವಾಗ ನಾಲ್ಕು ಹನಿ ನೆಲಕ್ಕೆ ಬಿದ್ದವು. ಚಳಿಗೆ ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಆ ಮಂಜಿನ ಜೊತೆ ಡೀಸೆಲ್ಲಿನ ವಾಸನೆ ಗಾಜಿನ ಸಂದಿಯಿಂದ ಒಳಗೆ ಬಂತು. ಪಕ್ಕದಲ್ಲಿ ಬೈಕ್ ನಿಲ್ಲಿಸಿದ್ದವರು ಮೂಗಿಗೆ ಟವೆಲ್ ಹಿಡಿದುಕೊಂಡರು. ನಾನು ಮಾತ್ರ, ನೀವು ನಗುತ್ತೀರಿ, ಮಲ್ಲಿಗೆ ದಂಡೆ ಮೂಸುವವಳ ಹಾಗೆ ಕಣ್ಣು ಮುಚ್ಚಿ ಅದನ್ನು ಒಳಗೆಳೆದುಕೊಂಡೆ. ಹಿಂದಿನ ಟೆಂಪೋದವನು ಹಾರ್ನ್ ಹೊಡೆದ ಮೇಲೆಯೇ ನಾನಿರುವುದು ಬಂಕಿನಲ್ಲಿ ಎಂಬುದು ನೆನಪಾದದ್ದು.

ಗಾಡಿಯನ್ನು ಸ್ವಲ್ಪ ಮುಂದೆ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಮನೆಗೆ ಹೋಗುವ ಮನಸ್ಸಾಗಲಿಲ್ಲ. ಹೋದರೆ ನಮ್ಮವರು ತಯಾರಾಗಿ ಕೂತಿರುತ್ತಾರೆ. ಮಧ್ಯಾಹ್ನ ಶೋರೂಮಿಗೆ ಹೋಗಿ ಹೊಸ ಗಾಡಿ ನೋಡಬೇಕೆಂದು ದೀಪಾವಳಿಯಿಂದ ಹೇಳುತ್ತಿದ್ದಾರೆ, ದೀಪಾವಳಿಯಿಂದ ನಾನು ಒಂದಲ್ಲ ಒಂದು ನೆವ ಹೇಳುತ್ತಿದ್ದೇನೆ. ಈ ಗಾಡಿಗೆ ವಯಸ್ಸಾಯಿತು, ನಿಜ. ಮುಂದಿನ ಎರಡೂ ಬಾಗಿಲುಗಳನ್ನು ಒಂದು ಸಲ ಎತ್ತಿ ಒತ್ತದಿದ್ದರೆ ಹಾಕಿಕೊಳ್ಳುವುದಿಲ್ಲ. ಆದರೂ ಇದನ್ನು ಕೊಟ್ಟುಬಿಡುವ ಮಾತು ಬಂದಾಗಲೆಲ್ಲ ನನಗೆ ಯಾಕೆ ನಿದ್ದೆ ಬಂದವರಂತೆ ಆಗುತ್ತದೆ ಎಂದು ತಿಳಿಯಬೇಕಾದರೆ, ಇದು ನಮ್ಮ ಮನೆಗೆ ಬಂದ ಬಗೆಯನ್ನು ನಿಮಗೆ ಹೇಳಬೇಕು. ಬನ್ನಿ, ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಬಾಗಿಲು ಮಾತ್ರ ಎತ್ತಿ ಒತ್ತಿ.

ಆಗ ನಾವು ಬೀದರಿನ ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ನಾನು ಸರ್ಕಾರಿ ಶಾಲೆಯಲ್ಲಿ ಟೀಚರ್. ನಮ್ಮವರದು ಝೆರಾಕ್ಸ್ ಅಂಗಡಿ. ಮೂರನೆಯವರು ಅತ್ತೆ, ನಮ್ಮವರ ತಾಯಿ ಶಾಂತಮ್ಮ. ಮಗಳು ಆಗ ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದಳು. ಡ್ರೈವಿಂಗ್ ಕಲಿತವಳು ನಾನೊಬ್ಬಳೇ. ಶಾಲೆಯ ಗೆಳತಿಯರೆಲ್ಲ ಹೊರಟರೆಂದು ನಾನೂ ಅವರ ಹಿಂದೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ನಮ್ಮವರೂ ನನ್ನ ಜೊತೆ ಸೇರಿದ್ದರು. ಆದರೆ ಅವರಿಗೆ ರಸ್ತೆಯ ಮೇಲೆ ನಾಯಿ ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಬೀದರಿನಲ್ಲಿ ನಾಯಿಗಳಿಗೇನು ಕಡಿಮೆಯೇ? ಕಲಿಸುವ ಮಾಸ್ತರು ಕೊನೆಗೆ ಕೈಮುಗಿದು, "ಸರ್, ನೀವು ಬಾಜೂ ಕೂಡ್ರಿ, ಛಲೋ ಕಾಣ್ತೀರಿ" ಎಂದುಬಿಟ್ಟರು.

ಹೀಗೆ ಪಕ್ಕದಲ್ಲಿ ಕೂರುವವರಾದ ನಮ್ಮವರು ತಮ್ಮ ಉತ್ಸಾಹವನ್ನೆಲ್ಲ ಗಾಡಿ ಆರಿಸುವುದರಲ್ಲಿ ಸುರಿದರು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬಣ್ಣಬಣ್ಣದ ಕಾಗದಗಳನ್ನು ಹರವಿಕೊಂಡು ಕೂರುತ್ತಿದ್ದರು. ನಮ್ಮ ಕೈಗೆಟುಕುವಂಥದ್ದು ಇರಬೇಕು, ಐದು ಜನ ಹಿಡಿಸಬೇಕು, ಡೀಸೆಲ್ ಆದರೆ ಓಡಿಸಲು ಹಗುರ, ಹಿಂದಿನ ಡಿಕ್ಕಿಯಲ್ಲಿ ಒಂದು ಜೋಳದ ಚೀಲ ಹಿಡಿಸಬೇಕು. ಜೋಳದ ಚೀಲ ತರಲು ನಮಗೆ ಯಾವ ಹೊಲವೂ ಇರಲಿಲ್ಲ. ಆದರೂ ಆ ಚೀಲವನ್ನು ಅವರು ಬಿಟ್ಟುಕೊಡಲಿಲ್ಲ. ತಿಂಗಳುಗಳೇ ಕಳೆದವು. ಒಂದು ಗಾಡಿ ಆಯಿತೆಂದು ಮಲಗಿದರೆ ಬೆಳಗಾಗುವುದರೊಳಗೆ ಇನ್ನೊಂದು ಅವರ ಮನಸ್ಸಿಗೆ ಬಂದಿರುತ್ತಿತ್ತು.

ನಿಜವಾದ ತೊಡಕು ಬೇರೆ ಇತ್ತು. ಅತ್ತೆಗೆ ಗಾಡಿ ಆಗುತ್ತಿರಲಿಲ್ಲ. ಯಾವ ಗಾಡಿಯೂ ಆಗುತ್ತಿರಲಿಲ್ಲ. ಬಸ್ಸಿನ ಮಾತೆತ್ತಿದರೆ ಹೊಟ್ಟೆ ತೊಳೆಸುವುದು, ಆಟೋದಲ್ಲಿ ಕೂತರೆ ಎರಡನೆಯ ತಿರುವಿಗೆ ಸೆರಗು ಬಾಯಿಗೆ ಹೋಗುವುದು. ಲಿಂಬೆಹಣ್ಣು, ಅಜವಾನ, ಹುಣಸೆಹಣ್ಣಿನ ಉಂಡೆ, ಔಷಧಿ ಅಂಗಡಿಯ ಬಿಳಿ ಗುಳಿಗೆ, ಎಲ್ಲವನ್ನೂ ನೋಡಿದ್ದಾಗಿತ್ತು. ಹೊಟ್ಟೆಗೆ ಹಳೆಯ ಪೇಪರ್ ಕಟ್ಟಿಕೊಂಡರೆ ವಾಂತಿ ಬರುವುದಿಲ್ಲವೆಂದು ಯಾರೋ ಹೇಳಿದ್ದಕ್ಕೆ ಒಮ್ಮೆ ಪೇಪರನ್ನೂ ಕಟ್ಟಿಕೊಂಡರು. ಆ ದಿನ ದಾರಿಯುದ್ದಕ್ಕೂ ಅವರ ಸೀರೆಯೊಳಗಿಂದ ಸರಬರ ಸದ್ದು ಬಂದದ್ದಷ್ಟೇ. ಹಾಗಾಗಿ ಅತ್ತೆ ತಮ್ಮ ಲೋಕವನ್ನು ಕಾಲು ನಡೆಯುವಷ್ಟಕ್ಕೆ ಮಡಚಿಕೊಂಡಿದ್ದರು. ಮನೆ, ತರಕಾರಿ ಸಂತೆ, ಸೋಮವಾರಕ್ಕೆ ಗುಡಿ. ಅದರಾಚೆ ಹೋಗುತ್ತಿರಲಿಲ್ಲ.

ಅದರಾಚೆ ಔರಾದಿನಲ್ಲಿ ಅವರ ಅಕ್ಕ ಇದ್ದರು. ನೀಲಮ್ಮ. ತಾಯಿ ಬೇಗ ಹೋದದ್ದರಿಂದ ಅತ್ತೆಯನ್ನು ಎತ್ತಿ ಬೆಳೆಸಿದ್ದೇ ಈ ಅಕ್ಕ. ಬೀದರಿನಿಂದ ಔರಾದಿಗೆ ಬಸ್ಸಿನಲ್ಲಿ ಹೋದರೆ ಒಂದು ಹೊತ್ತಿನ ದಾರಿಯೂ ಅಲ್ಲ. ಆದರೆ ಅತ್ತೆ ಹೋಗದೆ ಎಷ್ಟೋ ವರ್ಷಗಳಾಗಿದ್ದವು. ಮೊದಲೆಲ್ಲ ಅಕ್ಕನೇ ಬರುತ್ತಿದ್ದರು. ಆಮೇಲೆ ಅವರಿಗೆ ಮೊಣಕಾಲು ಹಿಡಿಯಿತು. ಆಗಲೂ ಫೋನ್ ಇತ್ತಲ್ಲ, ದಿನಾ ಸಂಜೆ ಇಬ್ಬರೂ ತಮ್ಮ ತಮ್ಮ ಮನೆಯ ಅಡುಗೆಯನ್ನು ಒಬ್ಬರಿಗೊಬ್ಬರು ಬಡಿಸಿಕೊಳ್ಳುತ್ತಿದ್ದರು. ಮೊಣಕಾಲಿನ ಹಿಂದೆಯೇ ಮರೆವು ಬಂತು. ಒಂದು ಸಂಜೆ ಫೋನ್ ಹಿಡಿದ ಅತ್ತೆ, "ಅಕ್ಕಾ, ನಾ ಶಾಂತಾ" ಎಂದರು. ಆ ಕಡೆಯಿಂದ, "ಯಾರು? ಯಾರು ಬೇಕಾಗಿತ್ತರಿ?" ಎಂಬ ದನಿ ನನಗೂ ಕೇಳಿಸಿತು. ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟರು.

"ರೇಂಜ್ ಸಿಗವಲ್ದು" ಎಂದರು.

ಆಮೇಲೆ ಎಷ್ಟೋ ಸಂಜೆ ರೇಂಜ್ ಸಿಗಲಿಲ್ಲ. ನಾವು ಗಾಡಿ ತೆಗೆದುಕೊಳ್ಳಲೇಬೇಕೆಂದು ಹೊರಟದ್ದು ಆಗ. ಅತ್ತೆಯನ್ನು ಒಂದು ಸಲ ಔರಾದಿಗೆ ಮುಟ್ಟಿಸಬೇಕು. ಅಕ್ಕನಲ್ಲಿ ಇನ್ನೂ ಸ್ವಲ್ಪ ಅಕ್ಕ ಉಳಿದಿರುವಾಗಲೇ ಮುಟ್ಟಿಸಬೇಕು. ಹಾಗಾಗಿ ಗಾಡಿ ಆರಿಸುವ ನಿಯಮ ಬಹಳ ಸರಳವಾಯಿತು. ಯಾವ ಗಾಡಿಯಲ್ಲಿ ಅತ್ತೆಗೆ ವಾಂತಿಯಾಗುವುದಿಲ್ಲವೋ ಅದು ನಮ್ಮ ಗಾಡಿ.

ಮೊದಲು ನೋಡಿದ್ದು ನೌಬಾದದ ಒಂದು ಶೋರೂಮಿನ ಪುಟ್ಟ ಪೆಟ್ರೋಲ್ ಗಾಡಿ. ಒಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಅದರ ಮೇಲೆ ಸೆಂಟಿನ ಡಬ್ಬಿ ಬೇರೆ. "ಅವ್ವಾ, ಕೂಡು ನೋಡು, ಸೀಟು ಎಷ್ಟು ಮೆತ್ತಗದ" ಎಂದರು ನಮ್ಮವರು. ಅತ್ತೆ ಕೂತರು. "ಸೀಟು ಮೆತ್ತಗಿದ್ರ ಏನ್ ಮಾಡ್ಲಿ, ನನ್ನ ಹೊಟ್ಟಿ ಕೇಳಬೇಕಲ್ಲ" ಎಂದರು. ಹೊಟ್ಟೆ ಕೇಳಲಿಲ್ಲ. ಭಾಲ್ಕಿ ರಸ್ತೆಗೆ ಹೊರಳುವ ಮೊದಲೇ ಅವರು ಕೈ ಎತ್ತಿದರು. ಎರಡನೆಯದು ಎತ್ತರದ ಗಾಡಿ, ಹತ್ತಲು ಸ್ಟೂಲು ಬೇಕು. ಅದರಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡು ಬಸವಣ್ಣನನ್ನು ನೆನೆಯುತ್ತ ಇನ್ನಷ್ಟು ದೂರ ಬಂದರು, ಆಮೇಲೆ ನೆನೆಯುವುದನ್ನು ನಿಲ್ಲಿಸಿ ಕೈ ಎತ್ತಿದರು. ಇಳಿದ ಮೇಲೆ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಬಾಯಿ ತೊಳೆದುಕೊಳ್ಳುತ್ತ ನನಗೆ ಹೇಳಿದರು: "ನನ್ನ ಸಲುವಾಗಿ ನೋಡಬ್ಯಾಡ್ರವ್ವ. ನಿಮಗ ಯಾವುದು ಸೇರ್ತದ ಅದು ತಗೋರಿ. ನಾ ಮನ್ಯಾಗ ಆರಾಮ ಇರ್ತೇನಿ." ಹಾಗೆ ಹೇಳುವಾಗ ಅವರು ಔರಾದಿನ ದಿಕ್ಕಿಗೆ ನೋಡಲಿಲ್ಲ. ನೋಡದೆ ಇರಲು ಕುತ್ತಿಗೆಯನ್ನು ಎಷ್ಟು ಬಿಗಿಹಿಡಿದಿದ್ದರೆಂದು ನನಗೆ ಕಂಡಿತು.

ಮೂರನೆಯದು ಡೀಸೆಲ್ ಗಾಡಿ, ಊರಿನ ಇನ್ನೊಂದು ತುದಿಯ ಶೋರೂಮಿನದು. ಆ ಸಲ ಅತ್ತೆ ಬರುವುದಿಲ್ಲವೆಂದೇ ಕೂತರು. ಗುಡಿಗೆ ಹೋಗುವ ದಾರಿಯಲ್ಲೇ ಇದೆ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದೆವು. ಅಲ್ಲಿ ಗಾಡಿ ತೋರಿಸುವ ಕೆಲಸದಲ್ಲಿದ್ದವರು ಇರ್ಫಾನ್. ಮದುವೆಯಾಗಿ ಮಕ್ಕಳಿದ್ದ ಮನುಷ್ಯ, ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ. ಮಾತಿಗೆ ಮೊದಲು ಒಂದು ನಗು ಮುಂದೆ ಮಾಡಿ, ಅದರ ಹಿಂದೆ ತಾವು ಬರುವವರು. ನಮ್ಮವರು ಅತ್ತೆಯನ್ನು ಹಿಂದಿನ ಸೀಟಿಗೆ ಕರೆದೊಯ್ಯುತ್ತಿದ್ದಾಗ ಅವರು ತಡೆದರು.

"ಅಮ್ಮಾರು ಮುಂದ ಕೂಡ್ಲಿರಿ. ಎಸಿ ಬಂದ್, ಗ್ಲಾಸ್ ಪೂರಾ ಇಳಸ್ರಿ. ನಮ್ಮ ಅಮ್ಮೀಗೂ ಹಿಂಗೇ ಆಗ್ತದ. ರೋಡ್ ಕಾಣಬೇಕ್ರಿ ಅವರಿಗಿ."

ನಾನು ಸ್ಟೇರಿಂಗ್ ಹಿಡಿದೆ. ಪಕ್ಕದಲ್ಲಿ ಅತ್ತೆ. ಹಿಂದೆ ನಮ್ಮವರು ಮತ್ತು ಇರ್ಫಾನ್. ಕೀಲಿ ತಿರುಗಿಸಿದೊಡನೆ ಗಾಡಿ ಮೈ ನಡುಗಿಸಿ ಗುಡುಗುಡು ಎನ್ನತೊಡಗಿತು. ಹೊಸ ಗಾಡಿ ಇಷ್ಟು ಸದ್ದು ಮಾಡುವುದೇ ಎಂದು ನಾನು ಮುಖ ಕಿವುಚಿದೆ. ಆದರೆ ಅತ್ತೆ ತಲೆಯನ್ನು ಸ್ವಲ್ಪ ವಾರೆ ಮಾಡಿ ಕೇಳುತ್ತಿದ್ದರು.

"ಇದು ನಮ್ಮಪ್ಪನ ಗಿರಣಿ ಹಂಗ ಮಾಡ್ತದಲ್ಲ!" ಎಂದರು.

ಠಾಣಾ ಕುಶನೂರಿನಲ್ಲಿ ಅವರ ತಂದೆಯ ಹಿಟ್ಟಿನ ಗಿರಣಿ ಇತ್ತಂತೆ. ಡೀಸೆಲ್ ಇಂಜಿನ್ನಿನದು. ಇಂಜಿನ್ ಶುರುವಾದರೆ ಮನೆಯ ಗೋಡೆಗಳೂ ಗುಂಯ್ ಎನ್ನುತ್ತಿದ್ದವಂತೆ. ಗಿರಣಿಗೂ ಮನೆಗೂ ಒಂದೇ ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟು ಅಕ್ಕ ಕೂರುವುದು, ಅಕ್ಕನ ತೊಡೆಯ ಮೇಲೆ ಇವರು ಮಲಗುವುದು. ಇದೆಲ್ಲ ನನಗೆ ಗೊತ್ತಾದದ್ದು ಆ ದಿನವೇ, ರಸ್ತೆಯ ಮೇಲೆ, ಮೂರನೆಯ ಗೇರಿನಲ್ಲಿ. ಸೊಸೆಯಾಗಿ ಬಂದು ಮಗಳು ಹಾಸ್ಟೆಲ್ ಸೇರುವಷ್ಟು ಕಾಲವಾಗಿತ್ತು, ಅತ್ತೆಯ ಬಾಯಿಂದ ಅವರ ತಂದೆಯ ಮಾತು ನಾನು ಕೇಳಿರಲಿಲ್ಲ. ಅವರು ಹೊರಗೆ ನೋಡುತ್ತ ಹೇಳುತ್ತಲೇ ಇದ್ದರು. ಗಿರಣಿಗೆ ಬರುವ ಹೆಂಗಸರು, ಬಿಸಿ ಜೋಳದ ಹಿಟ್ಟಿನ ವಾಸನೆ, ಅಪ್ಪನ ಬಿಳಿ ಹುಬ್ಬು. ಗಾಳಿಗೆ ಅವರ ಸೆರಗು ಹಾರಿ ಹಾರಿ ನನ್ನ ಕೈಗೆ ತಾಗುತ್ತಿತ್ತು.

ಊರು ದಾಟಿ ಸ್ವಲ್ಪ ದೂರಕ್ಕೆ ಇರ್ಫಾನ್ ಹಿಂದಿನಿಂದ ಹೇಳಿದರು: "ಮೇಡಂ, ಇಲ್ಲಿಂದ ಹೊಳ್ಳಸ್ರಿ. ನಮ್ಮ ರೌಂಡ್ ಇಲ್ಲೀ ಮಟ ಅದ."

ಅತ್ತೆ ಕತೆಯನ್ನು ಅರ್ಧಕ್ಕೆ ಬಿಟ್ಟು, "ಯಾಕಪಾ, ಮುಂದ ರೋಡ್ ಇಲ್ಲೇನು?" ಎಂದು ಕೇಳಿದರು.

"ಅದ ಅಮ್ಮಾ. ಔರಾದ ಮಟ ಅದ."

"ಮತ್ತ ನಡಿ."

ನಾನು ಕನ್ನಡಿಯಲ್ಲಿ ನಮ್ಮವರ ಮುಖ ನೋಡಿದೆ. ಅವರು ಉಸಿರು ಬಿಗಿಹಿಡಿದು ಕೂತಿದ್ದರು, ಎಲ್ಲಿ ಉಸಿರು ಬಿಟ್ಟರೆ ಅವ್ವನಿಗೆ ಹೊಟ್ಟೆ ತೊಳೆಸೀತೋ ಎನ್ನುವ ಹಾಗೆ. ಇರ್ಫಾನ್ ನಮ್ಮಿಬ್ಬರ ಮುಖವನ್ನೂ ನೋಡಿದರು. ಆಮೇಲೆ ಫೋನ್ ತೆಗೆದು ತಮ್ಮ ಮ್ಯಾನೇಜರಿಗೆ ಮೆಲ್ಲಗೆ ಹೇಳಿದರು: "ಸಾಬ್, ಕಸ್ಟಮರ್ ಜರಾ ಪಿಕಪ್ ನೋಡ್ಲತ್ತಾರ್ರಿ."

ನಮ್ಮ ಬೀದರ್ ಕೆಂಪು ಕಲ್ಲಿನ ದಿಬ್ಬದ ಮೇಲೆ ಕೂತ ಊರು. ಜನವಾಡದ ಕಡೆ ರಸ್ತೆ ಇಳಿಯತೊಡಗಿದರೆ ಕೆಂಪು ಮಣ್ಣು ನಿಧಾನವಾಗಿ ಬಣ್ಣ ಬಿಡುತ್ತ ಬಂದು, ಒಂದು ಕಡೆ ಕರೀ ಮಣ್ಣಾಗಿಬಿಡುತ್ತದೆ. ಎಲ್ಲಿ ಆಯಿತೆಂದು ಬೆರಳಿಟ್ಟು ತೋರಿಸಲಾಗದು. ಅದು ತೊಗರಿ ಹೂಬಿಟ್ಟ ಕಾಲ. ಎರಡೂ ಕಡೆ ಹಳದಿ, ಹಳದಿಯ ಮೇಲೆ ತೆಳ್ಳಗೆ ಮಂಜು, ಮಂಜಿನೊಳಗೆ ಅಲ್ಲಲ್ಲಿ ಒಂದು ತಲೆ, ಒಂದು ಕೊಡ, ಒಂದು ಎಮ್ಮೆಯ ಬೆನ್ನು. ಗಾಡಿ ಗುಡುಗುಡು ಎನ್ನುತ್ತ ಅದರೊಳಗೆ ಹೋಗುತ್ತಿತ್ತು. ನಾನು ಓಡಿಸುತ್ತಿದ್ದೇನೆಂದು ನನಗೆ ಅನಿಸಲಿಲ್ಲ. ನದಿಗೆ ಬಿಟ್ಟ ಎಲೆಯ ಮೇಲೆ ಕೂತ ಇರುವೆಯ ಹಾಗೆ ಸುಮ್ಮನೆ ಕೂತಿದ್ದೆ. ನನ್ನಂಥ ಹೆದರುಪುಕ್ಕಲಿ, ಎದುರಿಗೆ ಲಾರಿ ಬಂದರೆ ತಪ್ಪಾಯಿತೆಂದು ಹಾರ್ನ್ ಹೊಡೆಯುವವಳು, ಆ ದಿನ ಒಮ್ಮೆಯೂ ಹಾರ್ನ್ ಮುಟ್ಟಲಿಲ್ಲ.

ಜನವಾಡ ಬಂತು, ಹೋಯಿತು. "ಅವ್ವಾ, ಹ್ಯಾಂಗನಸ್ತದ?" ಎಂದು ನಮ್ಮವರು ತಡೆಯಲಾರದೆ ಕೇಳಿದರು. "ನೀ ಕೇಳಬ್ಯಾಡ. ನೀ ಕೇಳಿದ್ರ ನೆನಪಾಗ್ತದ" ಎಂದರು ಅತ್ತೆ. ಮಾಂಜ್ರಾ ನದಿಯ ಸೇತುವೆಯ ಮೇಲೆ ನಾನು ಗಾಡಿಯನ್ನು ನಿಧಾನ ಮಾಡಿದೆ. ಕೆಳಗೆ ನೀರು ಕದಲದೆ ನಿಂತಿತ್ತು, ಬಿಳಿಯ ಕೊಕ್ಕರೆಗಳು ಒಂದೇ ಕಾಲಿನ ಮೇಲೆ. ಇರ್ಫಾನರ ಫೋನ್ ರಿಂಗಾಯಿತು. "ಹಾಂ ಸಾಬ್. ಈಗ ಬ್ರೇಕ್ ನೋಡ್ಲತ್ತಾರ್ರಿ" ಎಂದರು. ನಮ್ಮವರು ನಕ್ಕರು. ಅತ್ತೆಯೂ ನಕ್ಕರು. ಅತ್ತೆ ಗಾಡಿಯೊಳಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಂದು ಅವರಿಗೆ ಯಾಕೆ ಏನೂ ಆಗಲಿಲ್ಲ? ನಮ್ಮವರು ಇಂದಿಗೂ ಗಾಡಿಯ ಸಸ್ಪೆನ್ಷನ್ ಎನ್ನುತ್ತಾರೆ. ಇರ್ಫಾನ್ ಮುಂದಿನ ಸೀಟು ಎಂದರು. ಅತ್ತೆಯನ್ನು ಕೇಳಿದರೆ, "ಮಾತಾಡ್ಲತ್ತಿದ್ದೆ, ಮರತೇ ಹೋಯ್ತು" ಎನ್ನುತ್ತಾರೆ.

ಔರಾದಿನಲ್ಲಿ ಮನೆಯ ಮುಂದೆ ಗಾಡಿ ನಿಂತಾಗ ನೀಲಮ್ಮನವರು ಅಂಗಳದ ಬಿಸಿಲಿನಲ್ಲಿ ಹೊರಸಿನ ಮೇಲೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ಅವರ ಸೊಸೆ ಸುವರ್ಣಾ ಒಳಗಿನಿಂದ ಓಡಿ ಬಂದವಳು ಅತ್ತೆಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಹೊರಸಿನ ಹತ್ತಿರ ಹೋದರು.

"ಅಕ್ಕಾ" ಎಂದರು.

ನೀಲಮ್ಮ ತಲೆಯೆತ್ತಿ ನೋಡಿದರು. ಮುಖದ ತುಂಬ, ಗುರುತಿಲ್ಲದ ಹೆಂಗಸಿಗೆ ಕೊಡುವ ಮರ್ಯಾದೆಯ ನಗು. "ಬರ್ರಿ ಬಾಯಿ, ಕೂಡ್ರಿ. ಯಾವೂರು ನಿಮ್ದು?"

ನಾನು ಹಿಂದಿನಿಂದ ಅತ್ತೆಯ ಬೆನ್ನನ್ನಷ್ಟೇ ನೋಡುತ್ತಿದ್ದೆ. ಅದು ಕದಲಲಿಲ್ಲ. ಆಮೇಲೆ ಅವರು ಹೊರಸಿನ ಅಂಚಿನಲ್ಲಿ ಕೂತರು. "ಬೀದರ್" ಎಂದರು.

"ಬೀದರದಾಗ ನಮ್ಮ ಶಾಂತಾ ಇರ್ತಾಳ. ಆಕಿ ಗೊತ್ತೇನು ನಿಮಗ?"

"ಗೊತ್ತದ."

"ಹ್ಯಾಂಗಿದ್ದಾಳ?"

"ಛಲೋ ಇದ್ದಾಳ. ನಿಮಗ ಭಾಳ ನೆನಸ್ತಾಳ."

"ನೆನಸ್ತಾಳ್ರಿ, ಗೊತ್ತದ ನನಗ. ಬರ್ಲಿಕ್ಕಿ ಆಗಂಗಿಲ್ಲ ಆಕಿಗಿ" ಎಂದು ನೀಲಮ್ಮ ಒಂದು ಹಿಡಿ ತೊಗರಿಕಾಯನ್ನು ಅತ್ತೆಯ ಮುಂದೆ ಸುರಿದರು. ಇಬ್ಬರೂ ಸುಲಿಯತೊಡಗಿದರು. ಸುವರ್ಣಾ ಕಣ್ಣೊರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು. ನಮ್ಮವರು ಅಂಗಳದ ಮೂಲೆಯಲ್ಲಿ ತುಳಸಿ ಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತರು. ಇರ್ಫಾನರ ಫೋನ್ ರಿಂಗಾಯಿತು, ಅವರು ಅದನ್ನು ಎತ್ತದೆ ಬಾಯಿ ಮುಚ್ಚಿಸಿದರು.

ಚಹಾ ಕುಡಿದ ಮೇಲೆ ನೀಲಮ್ಮನ ಕಣ್ಣು ಗಾಡಿಯ ಮೇಲೆ ಬಿತ್ತು. "ಅದು ಯಾರದು?"

"ನೋಡ್ಲಿಕ್ಕಿ ತಂದೀವಿ, ದೊಡ್ಡವ್ವ" ಎಂದರು ನಮ್ಮವರು.

"ನಾನೂ ನೋಡ್ತೇನಿ" ಎಂದು ನೀಲಮ್ಮ ಎದ್ದೇ ಬಿಟ್ಟರು. ಎಷ್ಟೋ ತಿಂಗಳಿಂದ ಹೊಸ್ತಿಲು ದಾಟಲು ಒಲ್ಲೆ ಎನ್ನುತ್ತಿದ್ದವರಂತೆ. ಸುವರ್ಣಾ ಒಂದು ರಟ್ಟೆ, ನಾನೊಂದು ರಟ್ಟೆ ಹಿಡಿದು ಗಾಡಿಯವರೆಗೆ ನಡೆಸಿದೆವು. ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕಕ್ಕೆ ಅವರನ್ನು ಕೂರಿಸಿದೆ. ಆಚೆ ಬಾಗಿಲಿನಿಂದ ಅತ್ತೆ ಹತ್ತಿ ಅವರ ಮಗ್ಗುಲಿಗೆ ಬಂದರು. ಮುಂದೆ ನನ್ನ ಪಕ್ಕಕ್ಕೆ ಇರ್ಫಾನ್ ಕೂತರು. ಇನ್ನೇನು ಬಾಗಿಲು ಹಾಕಬೇಕು, ನೀಲಮ್ಮ ಕೈ ಅಡ್ಡ ಹಿಡಿದರು.

"ನನಗ ಇಲ್ಲಿ ಬ್ಯಾಡ. ಕಿಡಕಿ ಶಾಂತಾಗ ಬಿಡ್ರಿ. ಆಕಿಗಿ ವಾಂತಿ ಆಗ್ತದ."

ಇಂಜಿನ್ ಶುರುವಾಗಿತ್ತು, ಅದೊಂದೇ ಗುಡುಗುಡು ಎನ್ನುತ್ತಿತ್ತು. ಅತ್ತೆ ಇಳಿದು, ಗಾಡಿಯನ್ನು ಸುತ್ತು ಹಾಕಿ ಈ ಬಾಗಿಲಿಗೆ ಬಂದರು. ನೀಲಮ್ಮ ಒಳಗೆ ಸರಿದು ಜಾಗ ಕೊಟ್ಟರು. ಅತ್ತೆ ಕಿಟಕಿಯ ಪಕ್ಕ ಕೂತರು. ಅಕ್ಕ ಕೊಟ್ಟ ಜಾಗದಲ್ಲಿ, ಮೊಣಕಾಲು ಕೂಡಿಸಿಕೊಂಡು, ಸಣ್ಣ ಹುಡುಗಿಯ ಹಾಗೆ. ಆ ಕಡೆಯಿಂದ ನಮ್ಮವರು ಬಂದು ಕೂತರು. ನಾನು ಗೇರ್ ಹಾಕುವ ಹೊತ್ತಿಗೆ ಕಣ್ಣಿನಲ್ಲಿ ನೀರು ತುಂಬಿ, ಗಾಜು ಒರೆಸಿದರೂ ರಸ್ತೆ ಕಾಣಲಿಲ್ಲ. ಇರ್ಫಾನ್ ತಮ್ಮ ಕರವಸ್ತ್ರ ಕೊಟ್ಟರು.

ಊರ ಹೊರಗೆ ಠಾಣಾ ಕುಶನೂರಿನ ಕಡೆಯ ರಸ್ತೆಗೆ ಹೋದೆವು. ನೀಲಮ್ಮ ತೊಗರಿ ಹೊಲಗಳನ್ನು ನೋಡುತ್ತ, "ಈ ಸಲ ಹೂ ಛಲೋ ಹಿಡದದ" ಎಂದರು. ಸ್ವಲ್ಪ ಹೊತ್ತಿಗೆ, ಒಂದು ತಿರುವಿನಲ್ಲಿ, ವಾಂತಿ ಮಾಡಿಕೊಂಡರು. ಹೌದು, ಅವರು. ಹುಟ್ಟಿದಾಗಿನಿಂದ ಒಂದು ಸಲವೂ ಬಸ್ಸಿಗೆ ಹೆದರದವರು. ಕುಡಿದ ಚಹಾ, ತಿಂದ ತೊಗರಿಕಾಳು, ಅರ್ಧ ಹೊಸ ಸೀಟಿನ ಮೇಲೆ, ಅರ್ಧ ನಮ್ಮವರ ಪ್ಯಾಂಟಿನ ಮೇಲೆ.

ಗಾಡಿ ನಿಲ್ಲಿಸಿದೆ. ಅತ್ತೆ ಆಗಲೇ ಎರಡೂ ಕೈಯಿಂದ ಅಕ್ಕನ ಹಣೆ ಹಿಡಿದಿದ್ದರು. ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವಾಗ ಬೆನ್ನು ಸವರಬೇಕು, ಯಾವಾಗ ನೀರು ಕೊಡಬೇಕು, ಕೊಡಬಾರದು, ಇದನ್ನೆಲ್ಲ ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಇದೇ ಅಕ್ಕ ಅವರಿಗೆ ಎಷ್ಟು ಸಲ ಹಾಗೆ ಹಿಡಿದಿದ್ದರೋ. ಇರ್ಫಾನ್ ನೀರಿನ ಬಾಟಲಿ ತಂದರು. ನೀಲಮ್ಮ ಬಾಯಿ ಮುಕ್ಕಳಿಸಿ, ಸೀಟಿಗೆ ತಲೆ ಆನಿಸಿ, ತಮ್ಮ ಮುಖ ಒರೆಸುತ್ತಿದ್ದ ಕೈಯನ್ನು ಹಿಡಿದುಕೊಂಡರು.

"ಶಾಂತಾಗ ಏನೂ ಆಗಿಲ್ಲ, ಹೌದಿಲ್ಲ?" ಎಂದು ಕೇಳಿದರು.

"ಏನೂ ಆಗಿಲ್ಲ ಅಕ್ಕಾ. ಆರಾಮ ಕುಂತಾಳ" ಎಂದರು ಅತ್ತೆ.

ನೀಲಮ್ಮನಿಗೆ ಸಮಾಧಾನವಾಯಿತು. ಕಣ್ಣು ಮುಚ್ಚಿದರು. ಅತ್ತೆಯ ಹೆಗಲಿಗೆ ತಲೆ ಇಟ್ಟುಕೊಂಡು, ಆ ಗುಡುಗುಡು ಸದ್ದಿನೊಳಗೆ ನಿದ್ದೆಹೋದರು. ನಾನು ಇಂಜಿನ್ ಬಂದ್ ಮಾಡಲು ಕೈ ಚಾಚಿದರೆ ಅತ್ತೆ ಬೇಡವೆಂದು ಕಣ್ಸನ್ನೆ ಮಾಡಿದರು. ಹಾಗಾಗಿ ಡೀಸೆಲ್ ಸುಡುತ್ತ ನಾವು ಅಲ್ಲಿಯೇ ನಿಂತೆವು. ನಾವು ಮೂವರು ಕೆಳಗಿಳಿದು ತೊಗರಿ ಹೊಲದ ಬದುವಿಗೆ ಬಂದೆವು. ಮಂಜು ಪೂರ್ತಿ ಕರಗಿತ್ತು. ಇರ್ಫಾನ್ ಸೀಟಿನ ಕಡೆ ನೋಡಿದರು, ಶೋರೂಮಿನ ದಿಕ್ಕಿಗೆ ನೋಡಿದರು, ಆಮೇಲೆ ತಮ್ಮ ಇಸ್ತ್ರಿ ಅಂಗಿಯನ್ನು ನೋಡಿಕೊಂಡರು.

ನಮ್ಮವರು ಬದುವಿನ ಮೇಲೆ ನಿಂತು ಪ್ಯಾಂಟು ಒರೆಸಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಕಾಗದ ಹರವಿ ಕೂತವರು, ಒಂದು ಬಣ್ಣವನ್ನೂ ಆರಿಸಲಾಗದವರು, ತಲೆ ಎತ್ತದೆಯೇ ಹೇಳಿದರು: "ಇರ್ಫಾನ್ ಭಾಯ್, ಗಾಡಿ ನಾವೇ ತಗೋತೇವಿ."

"ಸರ್, ಇದು ತೋರಸೋ ಗಾಡಿರಿ. ನಿಮಗ ಹೊಸಾದು ಕೊಡಸ್ತೇನಿ."

"ಹೊಸಾದು ಬ್ಯಾಡ. ಇದೇ ಬೇಕು."

"ಜೋಳದ ಚೀಲ ಹಿಡಸ್ತದೋ ಇಲ್ಲೋ ನೋಡಬೇಕಿತ್ತಲ್ಲ" ಎಂದೆ ನಾನು, ಅಳುತ್ತ ನಗುತ್ತ. ಅವರು ನನ್ನನ್ನು ದುರುಗುಟ್ಟಿ ನೋಡಿದರು.

ಅಷ್ಟರಲ್ಲಿ ಫೋನ್ ಮತ್ತೆ ಮಿನುಗಿತು. ಇರ್ಫಾನ್ ಈ ಸಲ ಎತ್ತಿದರು. ಆ ಕಡೆಯ ಬೈಗುಳ ನಮಗೂ ಕೇಳಿಸುತ್ತಿತ್ತು. ಅದು ಮುಗಿಯುವವರೆಗೆ ಕಾದು, ಅವರು ಹೊಲದ ಕಡೆ ಮುಖ ಮಾಡಿ ಹೇಳಿದರು: "ಸಾಬ್, ಗಾಡಿ ಸೇಲ್ ಆಯ್ತ್ರಿ."

ತೋರಿಸಲು ಇಟ್ಟ ಗಾಡಿಗಳನ್ನು ಕೆಲವು ಕಾಲದ ಮೇಲೆ ಕಡಿಮೆ ಬೆಲೆಗೆ ಕೊಡುತ್ತಾರೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಹೊಸದಾಗಿದ್ದರೆ ನಮ್ಮ ಕೈಗೆ ಹತ್ತುತ್ತಿರಲಿಲ್ಲವೇನೋ. ಸೀಟು ತೊಳೆಸಿ, ಹೊಸ ಬಟ್ಟೆ ಹೊಲಿಸಿ, ಸಂಕ್ರಾಂತಿಯ ಮುಂಚೆ ಇರ್ಫಾನರೇ ಓಡಿಸಿಕೊಂಡು ಬಂದು ಗಲ್ಲಿಯಲ್ಲಿ ನಿಲ್ಲಿಸಿದರು. ಅವತ್ತಿನಿಂದ ಭಾನುವಾರ ಬಿಡುವಾದಾಗಲೆಲ್ಲ ನಾವು ಔರಾದಿಗೆ ಹೋದೆವು. ನೀಲಮ್ಮ ಪ್ರತಿ ಸಲ, "ಬರ್ರಿ ಬಾಯಿ" ಎಂದರು. ಪ್ರತಿ ಸಲ ಶಾಂತಾ ಹೇಗಿದ್ದಾಳೆಂದು ಕೇಳಿದರು. ಪ್ರತಿ ಸಲ ಕಿಟಕಿಯನ್ನು ಶಾಂತಾಗೆ ಬಿಟ್ಟರು. ಅತ್ತೆ ನಾನೇ ಶಾಂತಾ ಎಂದು ಒಮ್ಮೆಯೂ ಒತ್ತಿ ಹೇಳಲಿಲ್ಲ. ಬೀದರಿನಿಂದ ಬಂದ ಯಾರೋ ಬಾಯಿಯಾಗಿ ತಂಗಿಯ ಸುದ್ದಿಯನ್ನು ವಿಸ್ತಾರವಾಗಿ ಹೇಳುತ್ತಿದ್ದರು, ತಂಗಿಯಾಗಿ ಕಿಟಕಿಯ ಪಕ್ಕ ಕೂರುತ್ತಿದ್ದರು. ಎರಡು ಬೇಸಿಗೆ ಹೀಗೆ ಹೋದವು. ಮೂರನೆಯ ಬೇಸಿಗೆಗೆ ನೀಲಮ್ಮ ಇರಲಿಲ್ಲ. ಮಣ್ಣು ಮುಗಿಸಿಕೊಂಡು ಬರುವಾಗ ಸೇತುವೆಯ ಮೇಲೆ ಅತ್ತೆ, "ಗಾಡಿ ತಗೊಂಡಿದ್ದು ಛಲೋ ಆಯ್ತವ್ವ" ಎಂದರು.

ಇಷ್ಟೇ. ಬೇವಿನ ಮರದ ಕೆಳಗೆ ಬಿಸಿಲು ಬಂದುಬಿಟ್ಟಿತ್ತು. ನಾನು ಮನೆಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅವರು ಬರಲು ಒಪ್ಪಿದರೆ ಹೋಗುವುದು, ಇಲ್ಲವೆಂದರೆ ಇದೇ ಗಾಡಿ ಸಾಕೆಂದು ನಮ್ಮವರಿಗೆ ಹೇಳುವುದು, ಹೀಗೆ ಮನಸ್ಸಿನಲ್ಲಿ ಮಾಡಿಕೊಂಡು ಕೇಳಿದೆ.

"ಹೊಸ ಗಾಡಿ ನೋಡ್ಲಿಕ್ಕಿ ಬರ್ತೀರೇನ್ರಿ ಅತ್ತಿ? ನೀವು ಕುಂತು ನೋಡಿದ್ರೇ ತಗೋಳ್ಳದು."

"ನಂದಾಯ್ತವ್ವ. ನನಗ ಎಲ್ಲಿ ಹೋಗದಿತ್ತು ಅಲ್ಲಿ ಹೋಗಿ ಬಂದೀನಿ" ಎಂದರು. ಆಮೇಲೆ ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, "ಇಷ್ಟು ವರ್ಷ ನಮ್ಮನ್ನೆಲ್ಲ ಹೊತ್ತು ತಿರಗಿದಿ. ಈಗ ನೀ ಹೇಳು. ನಿನಗ ಎಲ್ಲಿ ಹೋಗದದ?" ಎಂದು ಕೇಳಿದರು.

ಆಸ್ಪತ್ರೆ, ಮದುವೆ, ಹಾಸ್ಟೆಲ್, ಔರಾದ, ಈ ಗಾಡಿ ಹೋದ ಊರುಗಳೆಲ್ಲ ಕಣ್ಣ ಮುಂದೆ ಬಂದವು. ಅವುಗಳಲ್ಲಿ ನನ್ನದು ಯಾವುದೆಂದು ಹುಡುಕುತ್ತ ನಿಂತೆ. ಆಗ ನೆನಪಾದವಳು ಮಂಗಲಾ. ನನ್ನ ತಂಗಿ. ಭಾಲ್ಕಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಭಾಲ್ಕಿ ಎಂದರೆ ಇಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದಲ್ಲ ಎಂದುಕೊಂಡೇ, ಕೆಲಸವಿಲ್ಲದೆ ಅವಳನ್ನು ಸುಮ್ಮನೆ ನೋಡಲು ನಾನು ಹೋದದ್ದೇ ಇಲ್ಲ. ಇದೇ ಗಾಡಿ ಸಾಕೆಂದು ಹೇಳಬೇಕೆಂದುಕೊಂಡಿದ್ದನ್ನು ಬಿಟ್ಟು ನಮ್ಮವರಿಗೆ ಹೇಳಿದೆ: "ನೀವು ಶೋರೂಮಿಗಿ ನಡೀರಿ. ನಾ ಭಾಲ್ಕಿಗಿ ಹೋಗಿ ಅಲ್ಲಿಗೇ ಬರ್ತೇನಿ."

"ಭಾಲ್ಕಿಯಾಗ ಏನದ?" ಎಂದರು ಅವರು.

ನಾನು ಆಗಲೇ ಬಾಗಿಲು ಎತ್ತಿ ಒತ್ತಿದ್ದೆ.

ಮಂಗಲಾ ಕುತ್ತಿಗೆಗೆ ಟೇಪು ಹಾಕಿಕೊಂಡು ಮಷಿನ್ ಮೇಲೆ ಬಾಗಿದ್ದಳು. ನನ್ನನ್ನು ಕಂಡು ಗಾಬರಿಯಾದಳು. "ಅಕ್ಕಾ! ಯಾಕ? ಏನಾಯ್ತು? ಅತ್ತಿ ಆರಾಮಿದ್ದಾರಿಲ್ಲ?"

"ಎಲ್ಲಾರೂ ಆರಾಮದಾರ. ಗಾಡಿ ನೋಡ್ಲಿಕ್ಕಿ ಹೊಂಟೀನಿ. ನೀನೂ ಬಾ."

"ನನಗೇನ್ ತಿಳೀತದ ಗಾಡ್ಯಾಗ?"

"ನನಗರ ಏನ್ ತಿಳೀತದ? ಬಾ."

ಅವಳು ಅರ್ಧ ಹೊಲಿದ ರವಿಕೆಯನ್ನು ಹಾಗೆಯೇ ಬಿಟ್ಟು, ಶಟರ್ ಎಳೆದು ಬಂದಳು. ದಾರಿಯುದ್ದಕ್ಕೂ ಏನು ಮಾತಾಡಿದೆವೆಂದು ಹೇಳಲಾರೆ. ಮಾತಿಗೆ ಮಾತು ಹತ್ತಿ ನೌಬಾದ ಬಂದದ್ದೇ ತಿಳಿಯಲಿಲ್ಲ. ಶೋರೂಮಿನ ಮುಂದೆ ಇಳಿದಾಗ ನೋಡುತ್ತೇನೆ, ಮಂಗಲಾಳ ಕಾಲಿನಲ್ಲಿ ಚಪ್ಪಲಿ ಇಲ್ಲ. ಗಾಡಿ ಹತ್ತುವಾಗ, ಯಾರದೋ ಮನೆಯೊಳಗೆ ಹೋಗುವ ಹಾಗೆ, ಭಾಲ್ಕಿಯಲ್ಲಿ ಅಂಗಡಿಯ ಮುಂದೆಯೇ ಬಿಟ್ಟು ಬಂದಿದ್ದಳು. ಕನ್ನಡಿಯಂಥ ನೆಲದ ಮೇಲೆ ಬರಿಗಾಲಲ್ಲಿ, ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡು ನಿಂತು, ತನ್ನ ಪಾದ ನೋಡಿಕೊಂಡು, ಅವಳು ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಮ್ಮವರು ಕಾಗದಗಳ ನಡುವಿನಿಂದ ತಲೆಯೆತ್ತಿದರು. ಗಾಡಿ ತೋರಿಸುವ ಹೊಸ ಹುಡುಗಿ ಏನು ಮಾಡುವುದೆಂದು ತಿಳಿಯದೆ ಕೀಲಿಯನ್ನು ನನ್ನ ಕಡೆ ಚಾಚಿದಳು.

"ಎಲ್ಲಿ ಮಟ ಹೋಗ್ತೀರಿ ಮೇಡಂ?" ಎಂದಳು.

"ನೋಡೋಣು" ಎಂದೆ. ಹೊಸ ಗಾಡಿಯ ಬಾಗಿಲು ತೆಗೆದು ಮಂಗಲಾಳನ್ನು ಮುಂದೆ ಕೂರಿಸಿದೆ. ಈ ಕಡೆ ಬಂದು, ಹೊಳೆಯುವ ಆ ನೆಲದ ಮೇಲೆ ನಾನೂ ಚಪ್ಪಲಿ ಬಿಟ್ಟು, ಒಳಗೆ ಹತ್ತಿದೆ.